ಅಮೆರಿಕದ ಮಾಜಿ ಸೈನಿಕರ ಬಿಡುಗಡೆ ಪತ್ರದಲ್ಲಿ ಬಿಟ್ಟುಹೋದ ಪದಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ ಕನ್ನಡಿಗರು, ಅಂಥ ಮನೆತನಗಳಿಗೆ ಅಳಿಯ ಸೊಸೆಯರಾಗಿ ಸೇರಿದವರು, ಹಿರಿಯರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದಗಳ ಅರ್ಥ ತಿಳಿಯದೆ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಎಲ್ಲರೂ ಡಿಡಿ 214, ಡಿಡಿ 214 ಅನ್ನುತ್ತಾರೆ. ಅದು ಏನು, ಅದರಲ್ಲಿ ಪದಕಗಳು ಎಲ್ಲಿರುತ್ತವೆ?

ಸಕ್ರಿಯ ಸೇವೆಯಿಂದ ಹೊರಬರುವಾಗ ಸೈನಿಕನ ಕೈಗೆ ಕೊಡುವ ಬಿಡುಗಡೆ ಪತ್ರದ ನಮೂನೆಯ ಸಂಖ್ಯೆ ಅದು. 1950ರ ಜನವರಿ 1ರಿಂದ ಎಲ್ಲ ಪಡೆಗಳಲ್ಲೂ ಇದೇ ನಮೂನೆ ಬಳಕೆಗೆ ಬಂದಿತು. ಅದಕ್ಕೂ ಮೊದಲು ಪ್ರತಿ ಪಡೆಗೂ ತನ್ನದೇ ನಮೂನೆ ಇತ್ತು. ಎರಡನೆಯ ಮಹಾಯುದ್ಧದ ಭೂಸೇನೆಯ ಸಾಮಾನ್ಯ ಸೈನಿಕರ ಕಾಗದದಲ್ಲಿ ‘53-55’ ಎಂಬ ಸಂಖ್ಯೆ ಕಾಣುವುದು ಇದಕ್ಕಾಗಿಯೇ. ಈಗಿನ ಡಿಡಿ 214ರಲ್ಲಿ ಪದಕ, ಬ್ಯಾಡ್ಜ್, ರಿಬ್ಬನ್‌ಗಳ ಪಟ್ಟಿ 13ನೆಯ ಅಂಕಣದಲ್ಲಿರುತ್ತದೆ. ಹಳೆಯ ಆವೃತ್ತಿಗಳಲ್ಲಿ ಅಂಕಣದ ಸಂಖ್ಯೆ ಬೇರೆ ಇರುವುದರಿಂದ ಸಂಖ್ಯೆಯನ್ನಲ್ಲ, ಶೀರ್ಷಿಕೆಯನ್ನು ನೋಡಿ ಹುಡುಕಬೇಕು. ಒಂದೇ ಪತ್ರಕ್ಕೆ ಹಲವು ಪ್ರತಿಗಳಿರುತ್ತವೆ; ಬಿಡುಗಡೆಯ ಸ್ವರೂಪವನ್ನು ತೋರಿಸುವ ‘ಮೆಂಬರ್ 4’ ಪ್ರತಿ ನಿಮ್ಮಲ್ಲಿದ್ದರೆ ಮುಂದಿನ ಓಡಾಟ ಕಡಿಮೆಯಾಗುತ್ತದೆ.

ನಮ್ಮ ಮಾವನವರು ಯುದ್ಧಭೂಮಿಯಲ್ಲಿ ಇದ್ದದ್ದು ಖಂಡಿತ. ಪತ್ರದಲ್ಲಿ ಮಾತ್ರ ಒಂದೇ ಪದಕದ ಹೆಸರಿದೆ. ಹೀಗೇಕೆ?

ಕಾರಣ ಯಾವಾಗಲೂ ಗುಮಾಸ್ತನ ತಪ್ಪೇ ಆಗಿರುವುದಿಲ್ಲ. ಸಾವಿರಾರು ಮಂದಿ ಒಟ್ಟಿಗೆ ಮನೆಗೆ ಹೊರಟ ದಿನಗಳಲ್ಲಿ ಅವಸರದಲ್ಲಿ ಟೈಪ್ ಮಾಡಿದ ಪತ್ರಗಳು ಬಹಳ ಇವೆ, ನಿಜ. ಪದಕದ ಆದೇಶ ಸೈನಿಕ ಮನೆ ಸೇರಿದ ಮೇಲೆ ಹೊರಟದ್ದೂ ಉಂಟು. ಆದರೆ ಹಲವು ಸಲ ಪತ್ರ ತಯಾರಾದ ದಿನ ಅದು ಸರಿಯಾಗಿಯೇ ಇತ್ತು. ಪದಕವೇ ಆಮೇಲೆ ಹುಟ್ಟಿತು ಅಥವಾ ಆಮೇಲೆ ಅನ್ವಯವಾಯಿತು. ದಕ್ಷಿಣ ಕೊರಿಯಾ ಸರ್ಕಾರ 1951ರಲ್ಲಿಯೇ ಕೊಡಲು ಮುಂದಾಗಿದ್ದ ಯುದ್ಧ ಸೇವಾ ಪದಕವನ್ನು ಅಮೆರಿಕದ ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು 1999ರಲ್ಲಿ. 1954ರ ಜುಲೈ 28ರಿಂದೀಚೆಗೆ ಕೊರಿಯಾದಲ್ಲಿ ಕಾವಲಿದ್ದವರಿಗಾಗಿ ಇರುವ ಕೊರಿಯಾ ಡಿಫೆನ್ಸ್ ಸರ್ವಿಸ್ ಮೆಡಲ್‌ಗೆ ಕಾನೂನು ಆದದ್ದು 2002ರ ಡಿಸೆಂಬರಿನಲ್ಲಿ. ವಿಯೆಟ್ನಾಮಿನಲ್ಲಿದ್ದ ಭೂಸೇನೆಯ ತುಕಡಿಗಳಿಗೆಲ್ಲ ಅಲ್ಲಿನ ಗ್ಯಾಲಂಟ್ರಿ ಕ್ರಾಸ್ ಯೂನಿಟ್ ಸೈಟೇಷನ್ (ಇಡೀ ತುಕಡಿಗೆ ಕೊಡುವ ಶೌರ್ಯ ಗೌರವ) ಸಲ್ಲುತ್ತದೆ ಎಂಬ ಸಾಮಾನ್ಯ ಆದೇಶ ಹೊರಟದ್ದು 1974ರಲ್ಲಿ. 1968ರಲ್ಲಿ ಮನೆಗೆ ಮರಳಿದವರ ಪತ್ರದಲ್ಲಿ ಅದು ಇರಲು ಸಾಧ್ಯವೇ ಇಲ್ಲ. ನೌಕಾಪಡೆಯ ಕಾಂಬ್ಯಾಟ್ ಆ್ಯಕ್ಷನ್ ರಿಬ್ಬನ್ 1969ರದು, ಅದನ್ನು 1941ರ ಡಿಸೆಂಬರ್ 7ರವರೆಗೆ ಹಿಂದಕ್ಕೆ ಅನ್ವಯಿಸಲು ಅವಕಾಶವಾದದ್ದು 1999ರ ಕಾನೂನಿನಿಂದ.

ಬಿಟ್ಟುಹೋದ ಪದಕ ಸೇರಿಸುವುದು, ಸಿಗಬೇಕಿದ್ದ ಪದಕ ಕೇಳುವುದು, ಎರಡೂ ಒಂದೇ ಅಲ್ಲವೇ?

ಅಲ್ಲ, ಮತ್ತು ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಪದಕಗಳು ಎರಡು ಬಗೆಯವು. ಒಂದು ಬಗೆಯವು ಇಂತಿಂಥ ಕಾಲದಲ್ಲಿ ಇಂತಿಂಥ ಕಡೆ ಇದ್ದವರಿಗೆ ತಾವಾಗಿಯೇ ಸಲ್ಲುವಂಥವು: ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಮೆಡಲ್, ವಿಯೆಟ್ನಾಂ ಸರ್ವಿಸ್ ಮೆಡಲ್ ಮೊದಲಾದವು. ಇವುಗಳಿಗೆ ಸೇವೆಯ ಸ್ಥಳ ಮತ್ತು ದಿನಾಂಕ ತೋರಿಸಿದರೆ ಸಾಕು. ಇನ್ನೊಂದು ಬಗೆಯವು ಮೇಲಧಿಕಾರಿ ಶಿಫಾರಸು ಮಾಡಿ, ಅಧಿಕಾರವುಳ್ಳವರು ಒಪ್ಪಿ, ಆದೇಶ ಹೊರಡಿಸಿದ ಮೇಲಷ್ಟೇ ಸಲ್ಲುವಂಥವು: ಸಿಲ್ವರ್ ಸ್ಟಾರ್, ಬ್ರಾಂಝ್ ಸ್ಟಾರ್ ಮೆಡಲ್ ಮುಂತಾದವು. ಈ ಎರಡನೆಯ ಬಗೆಯಲ್ಲಿ ಆದೇಶ ಹೊರಟಿದ್ದು ಪತ್ರದಲ್ಲಿ ಬಿಟ್ಟುಹೋಗಿದ್ದರೆ ಅದು ತಿದ್ದುಪಡಿಯ ವಿಷಯ. ಆದೇಶವೇ ಹೊರಟಿರದಿದ್ದರೆ, ‘ಅವರು ಅರ್ಹರಾಗಿದ್ದರು’ ಎಂದು ನೂರು ಜನ ಹೇಳಿದರೂ ಅದು ತಿದ್ದುಪಡಿಯಲ್ಲ, ಹೊಸ ಶಿಫಾರಸು. ಅದರ ದಾರಿ ಬೇರೆ, ಅಳತೆಗೋಲೂ ಬೇರೆ. ನನ್ನ ಕಣ್ಣಿಗೆ ಬಿದ್ದ ತಿರಸ್ಕೃತ ಅರ್ಜಿಗಳಲ್ಲಿ ಹೆಚ್ಚಿನವು ಸುಳ್ಳು ಹೇಳಿದ್ದರಿಂದ ಬಿದ್ದವಲ್ಲ, ಒಂದು ಬಾಗಿಲಲ್ಲಿ ಕೇಳಬೇಕಾದದ್ದನ್ನು ಇನ್ನೊಂದು ಬಾಗಿಲಲ್ಲಿ ಕೇಳಿದ್ದರಿಂದ ಬಿದ್ದವು.

ಹಳೆಯ ಪತ್ರದಲ್ಲೇ ಒಂದು ಸಾಲು ಟೈಪ್ ಮಾಡಿಸಿ ಸೇರಿಸಿದರೆ ಆಗದೇ?

ಖಂಡಿತ ಕೂಡದು. ಹಾಗೆ ಮಾಡಿದ ಪತ್ರದ ಉಳಿದ ಸಾಲುಗಳನ್ನೂ ಆಮೇಲೆ ಯಾರೂ ನಂಬುವುದಿಲ್ಲ. ಅಧಿಕೃತ ತಿದ್ದುಪಡಿ ಡಿಡಿ 215 ಎಂಬ ಬೇರೆ ನಮೂನೆಯಲ್ಲಿ ಬರುತ್ತದೆ. ಮೂಲ ಪತ್ರವನ್ನು ಮುಟ್ಟದೆ, ಯಾವ ಅಂಕಣಕ್ಕೆ ಏನು ಸೇರಬೇಕು ಎಂಬುದನ್ನು ಅದು ಹೇಳುತ್ತದೆ.

## ದಾಖಲೆ ಹುಡುಕುವುದು, ಮೊದಲ ಅರ್ಜಿ ಬರೆಯುವುದು

ಯಾರಿಗೆ ಬರೆಯಬೇಕು? ವೆಟರನ್ಸ್ ಅಫೇರ್ಸ್ ಕಚೇರಿಗೆ ಹೋದರೆ ಅವರೇ ಸರಿಮಾಡಿ ಕೊಡುತ್ತಾರೆಯೇ?

ಆ ಇಲಾಖೆ ಪತ್ರವನ್ನು ನೋಡಿ ಮಾಜಿ ಸೈನಿಕರಿಗೆ ಸವಲತ್ತು ಕೊಡುತ್ತದೆ, ಪತ್ರವನ್ನು ತಿದ್ದುವುದಿಲ್ಲ. ಹಳೆಯ ಸೇವಾ ಕಡತಗಳಿರುವುದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ, ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿದ ನ್ಯಾಷನಲ್ ಪರ್ಸನಲ್ ರೆಕಾರ್ಡ್ಸ್ ಸೆಂಟರ್‌ನಲ್ಲಿ. ಎಸ್‌ಎಫ್ 180 ಎಂಬ ಅರ್ಜಿ ತುಂಬಿ ಅಂಚೆಯಲ್ಲಿ ಕಳುಹಿಸಬಹುದು, ಇಲ್ಲವೇ ಪತ್ರಾಗಾರದ ಜಾಲತಾಣದಲ್ಲಿಯೇ ಕೋರಿಕೆ ಸಲ್ಲಿಸಬಹುದು. ಮೊದಲ ಕೋರಿಕೆ ಪದಕಕ್ಕಾಗಿ ಅಲ್ಲ, ಪೂರ್ಣ ಸೇವಾ ಕಡತದ ಪ್ರತಿಗಾಗಿ ಇರಲಿ ಎಂಬುದು ನನ್ನ ಸಲಹೆ. ಕಡತದಲ್ಲಿ ಏನಿದೆ ಎಂದು ತಿಳಿಯದೆ ವಾದಕ್ಕಿಳಿಯುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ.

ಇನ್ನೊಂದು ಸೂಕ್ಷ್ಮವಿದೆ. ಕಳೆದುಹೋದ ಪದಕವನ್ನು ತರಿಸಿಕೊಳ್ಳುವುದು ಮತ್ತು ದಾಖಲೆ ತಿದ್ದಿಸುವುದು ಎರಡು ಬೇರೆ ಕೆಲಸಗಳು. ಮನೆಗೆ ಪದಕದ ಪೆಟ್ಟಿಗೆ ಬಂದಿತೆಂದು ಸಮಾಧಾನಪಟ್ಟು ಕುಳಿತವರ ಡಿಡಿ 214 ಎಷ್ಟೋ ವರ್ಷ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ‘ಇಂಥ ಪದಕ ಸೇರಿಸಿ ಡಿಡಿ 215 ಹೊರಡಿಸಬೇಕು’ ಎಂದು ಕೋರಿಕೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ನಾನು ಮೊಮ್ಮಗಳು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ನಾನು ಕೇಳಬಹುದೇ?

ಕಡತಕ್ಕೆ ಸಂಬಂಧಿಸಿದಂತೆ ಪತ್ರಾಗಾರ ಹತ್ತಿರದ ಸಂಬಂಧಿಕರೆಂದು ಗಣಿಸುವುದು ಮರುಮದುವೆಯಾಗದ ಸಂಗಾತಿ, ತಂದೆ, ತಾಯಿ, ಮಗ, ಮಗಳು, ಒಡಹುಟ್ಟಿದವರು, ಇಷ್ಟೇ ಮಂದಿಯನ್ನು. ಮೊಮ್ಮಕ್ಕಳು ಈ ಪಟ್ಟಿಯಲ್ಲಿಲ್ಲ. ನಿಮ್ಮ ತಂದೆಯೋ ತಾಯಿಯೋ ಸಹಿ ಮಾಡುವುದೇ ಸುಲಭ. ಆದರೆ ಸೈನಿಕ ಸೇವೆ ಬಿಟ್ಟು 62 ವರ್ಷ ಕಳೆದಿದ್ದರೆ ಆ ಕಡತ ಪತ್ರಾಗಾರದ ಸಾರ್ವಜನಿಕ ದಾಖಲೆಯಾಗುತ್ತದೆ. ಶುಲ್ಕ ಕೊಟ್ಟು ಯಾರು ಬೇಕಾದರೂ ಪ್ರತಿ ಪಡೆಯಬಹುದು. ಪ್ರತಿ ಪಡೆಯುವ ಈ ಹಕ್ಕಿನಿಂದ ಉಚಿತವಾಗಿ ಪದಕ ಪಡೆಯುವ ಹಕ್ಕು ಬರುವುದಿಲ್ಲ ಎಂಬುದು ನೆನಪಿರಲಿ.

‘1973ರ ಬೆಂಕಿಯಲ್ಲಿ ಕಡತ ಸುಟ್ಟುಹೋಗಿದೆ’ ಎಂದು ಪತ್ರ ಬಂತು. ಇಲ್ಲಿಗೆ ಮುಗಿಯಿತೇ?

ಮುಗಿಯಲಿಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಆ ಕೇಂದ್ರದಲ್ಲಿ ಹತ್ತಿದ ಬೆಂಕಿ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳನ್ನು ನುಂಗಿತು. 1912ರ ನವೆಂಬರ್ 1ರಿಂದ 1960ರ ಜನವರಿ 1ರ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇ. 80ರಷ್ಟು, 1947ರ ಸೆಪ್ಟೆಂಬರ್ 25ರಿಂದ 1964ರ ಜನವರಿ 1ರ ನಡುವಿನ ವಾಯುಪಡೆಯ ಕಡತಗಳಲ್ಲಿ, ಅಕಾರಾದಿಯಲ್ಲಿ ‘ಹಬರ್ಡ್, ಜೇಮ್ಸ್ ಇ.’ ಎಂಬ ಹೆಸರಿನ ಮುಂದಿನವುಗಳ ಪೈಕಿ, ಸುಮಾರು ಶೇ. 75ರಷ್ಟು ಹೋದವು. ಅವುಗಳ ನಕಲು ಇರಲಿಲ್ಲ, ಮೈಕ್ರೊಫಿಲ್ಮ್ ಇರಲಿಲ್ಲ, ಯಾವುದು ಹೋಯಿತು ಯಾವುದು ಉಳಿಯಿತು ಎಂದು ಹೇಳಲು ಸೂಚಿಯೂ ಇರಲಿಲ್ಲ. ನೌಕಾಪಡೆ ಮತ್ತು ಮರೀನ್ ಕೋರ್‌ನ ಕಡತಗಳಿಗೆ ಈ ಬೆಂಕಿಯ ನೆಪ ಹೇಳುವಂತಿಲ್ಲ.

ಕಡತ ಹೋದರೂ ಆ ವ್ಯಕ್ತಿಯ ಹೆಸರು ಬೇರೆ ಕಾಗದಗಳಲ್ಲಿ ಉಳಿದಿರುತ್ತದೆ. ಅಂತಿಮ ವೇತನದ ವೋಚರ್‌ಗಳು ಸೇಂಟ್ ಲೂಯಿಸ್‌ನಲ್ಲಿವೆ. ಭೂಸೇನೆಯ ಪ್ರತಿ ಕಂಪನಿಯೂ ದಿನಾ ಬರೆಯುತ್ತಿದ್ದ ‘ಮಾರ್ನಿಂಗ್ ರಿಪೋರ್ಟ್’ಗಳಲ್ಲಿ ಯಾರು ಗಾಯಗೊಂಡರು, ಯಾರು ಆಸ್ಪತ್ರೆಗೆ ಹೋದರು, ಯಾರು ಮರಳಿದರು ಎಂಬುದು ದಿನಾಂಕಸಮೇತ ಸಿಗುತ್ತದೆ. 1942ರಿಂದ 1945 ಮತ್ತು 1950ರಿಂದ 1954ರ ನಡುವೆ ಸೇನಾ ಆಸ್ಪತ್ರೆಗಳಿಗೆ ದಾಖಲಾದವರ ವಿವರಗಳುಳ್ಳ ಕಂಪ್ಯೂಟರ್ ಟೇಪುಗಳು 1988ರಲ್ಲಿ ಕೇಂದ್ರಕ್ಕೆ ಬಂದವು. ಇವುಗಳಲ್ಲಿ ಹುಡುಕುವುದು ಹೆಸರಿನಿಂದಲ್ಲ, ಸೇವಾ ಸಂಖ್ಯೆಯಿಂದ, ಆದ್ದರಿಂದ ಆ ಸಂಖ್ಯೆ ಎಲ್ಲಿಯಾದರೂ ಬರೆದಿದ್ದರೆ ಜೋಪಾನವಾಗಿಡಿ. ಮನೆಗೆ ಮರಳಿದ ಸೈನಿಕರು ತಮ್ಮ ಬಿಡುಗಡೆ ಪತ್ರವನ್ನು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕಚೇರಿಯಲ್ಲಿ ನೋಂದಾಯಿಸುವ ರೂಢಿ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಅಲ್ಲಿ ಒಮ್ಮೆ ವಿಚಾರಿಸದೆ ಕೈಚೆಲ್ಲಬೇಡಿ. ಪಿಂಚಣಿಗೋ ಅಂಗವೈಕಲ್ಯ ಪರಿಹಾರಕ್ಕೋ ಅವರು ಅರ್ಜಿ ಹಾಕಿದ್ದರೆ ವೆಟರನ್ಸ್ ಅಫೇರ್ಸ್ ಇಲಾಖೆಯ ಕಡತದಲ್ಲೂ ಆ ಕಾಲದ ಪ್ರತಿಗಳಿರಬಹುದು.

ಅಜ್ಜನ ಪತ್ರದಲ್ಲಿ ಪದಕದ ಮುಂದೆ ‘3 ಬ್ರಾಂಝ್ ಸ್ಟಾರ್ಸ್’ ಅಂತಿದೆ. ಹಾಗಾದರೆ ಮೂರು ಬ್ರಾಂಝ್ ಸ್ಟಾರ್ ಪದಕ ಬರಬೇಕಲ್ಲವೇ?

ಕನ್ನಡದಲ್ಲಿ ಎರಡನ್ನೂ ‘ಕಂಚಿನ ನಕ್ಷತ್ರ’ ಅಂದುಬಿಡುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಕಾರ್ಯಾಚರಣೆಯ ಪದಕದ ರಿಬ್ಬನ್ ಮೇಲೆ ಚುಚ್ಚುವ ಪುಟ್ಟ ನಕ್ಷತ್ರವು ಆ ಸೈನಿಕ ಎಷ್ಟು ಕಾರ್ಯಾಚರಣೆಗಳಲ್ಲಿ ಪಾಲುಗೊಂಡ ಎಂಬುದರ ಗುರುತು. ಅದು ಸೇವಾ ನಕ್ಷತ್ರ. ಬ್ರಾಂಝ್ ಸ್ಟಾರ್ ಮೆಡಲ್ ಅದೇ ಒಂದು ಸ್ವತಂತ್ರ ಪದಕ. ನಿಮ್ಮ ಅಜ್ಜನ ಪತ್ರ ಮೂರು ಕಾರ್ಯಾಚರಣೆಗಳ ಮಾತು ಹೇಳುತ್ತಿದೆ.

ಆದರೂ ಪತ್ರವನ್ನು ಮಡಿಚಿಡುವ ಮುನ್ನ ಇನ್ನೊಂದು ಸಾಲು ನೋಡಿ. 1941ರ ಡಿಸೆಂಬರ್ 7ರಿಂದ 1945ರ ಸೆಪ್ಟೆಂಬರ್ 2ರ ನಡುವಿನ ನೆಲಯುದ್ಧದಲ್ಲಿ ಕಾಂಬ್ಯಾಟ್ ಇನ್‌ಫ್ಯಾಂಟ್ರಿಮನ್ ಬ್ಯಾಡ್ಜ್ ಅಥವಾ ಕಾಂಬ್ಯಾಟ್ ಮೆಡಿಕಲ್ ಬ್ಯಾಡ್ಜ್ ಪಡೆದ ಭೂಸೇನೆಯವರಿಗೆ, 1947ರ ನಿರ್ಧಾರದಂತೆ, ಬ್ರಾಂಝ್ ಸ್ಟಾರ್ ಮೆಡಲ್ ಸಲ್ಲುತ್ತದೆ. ಆಗಲೇ ಮನೆ ಸೇರಿದ್ದವರಲ್ಲಿ ಅನೇಕರು ಇದನ್ನು ಕೇಳಲೇ ಇಲ್ಲ. ಪತ್ರದಲ್ಲಿ ಆ ಬ್ಯಾಡ್ಜಿನ ಹೆಸರಿದ್ದರೆ ಒಂದು ಪದಕವಂತೂ ನಿಜವಾಗಿಯೇ ಬಾಕಿ ಇರಬಹುದು.

## ಒಂದೊಂದು ಪದಕದ ತಕರಾರು

ಅವರ ಕಾಲಲ್ಲಿ ಈಗಲೂ ಸಿಡಿಗುಂಡಿನ ಚೂರಿದೆ. ಪರ್ಪಲ್ ಹಾರ್ಟ್ ಕೊಡಲು ಇದಕ್ಕಿಂತ ಸಾಕ್ಷಿ ಬೇಕೇ?

ಬೇಕು. ಶತ್ರುವಿನಿಂದ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ವಿಷಯದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಸಾಬೀತಾಗಬೇಕು: ಗಾಯ ಶತ್ರುವಿನ ಕೃತ್ಯದಿಂದ ಆದದ್ದು, ಅದಕ್ಕೆ ವೈದ್ಯಾಧಿಕಾರಿಯ ಚಿಕಿತ್ಸೆ ಬೇಕಾಗಿತ್ತು, ಆ ಚಿಕಿತ್ಸೆ ಅಧಿಕೃತ ದಾಖಲೆಯಲ್ಲಿ ಸೇರಿದೆ. ಮೈಯಲ್ಲಿರುವ ಚೂರು ಗಾಯವನ್ನು ತೋರಿಸುತ್ತದೆಯೇ ಹೊರತು ಅದು ಹೇಗೆ, ಯಾವ ದಿನ, ಯಾರಿಂದ ಆಯಿತೆಂಬುದನ್ನು ಹೇಳುವುದಿಲ್ಲ. ಅಪಘಾತ, ಬಿಸಿಲಿನ ಆಘಾತ, ರೋಗ, ಯುದ್ಧಾನಂತರದ ಮಾನಸಿಕ ಆಘಾತ ಇವು ಎಷ್ಟೇ ಗಂಭೀರವಾಗಿದ್ದರೂ ಈ ಪದಕದ ವ್ಯಾಪ್ತಿಗೆ ಬರುವುದಿಲ್ಲ. ವೆಟರನ್ಸ್ ಅಫೇರ್ಸ್ ಇಲಾಖೆ ಅಂಗವೈಕಲ್ಯ ಪರಿಹಾರ ಕೊಟ್ಟಿದೆಯೆಂಬ ಒಂದೇ ಆಧಾರದ ಮೇಲೂ ಪದಕ ಬರುವುದಿಲ್ಲ.

ಹುಡುಕಬೇಕಾದ ಜಾಗಗಳು ನಿರ್ದಿಷ್ಟವಾಗಿವೆ. ಮಹಾಯುದ್ಧದ ಕಾಲದ 53-55 ನಮೂನೆಯಲ್ಲಿ 34ನೆಯ ಅಂಕಣ ಯುದ್ಧದಲ್ಲಾದ ಗಾಯಗಳಿಗೆ ಮೀಸಲು. ಅಲ್ಲಿ ಸ್ಥಳ ಮತ್ತು ದಿನಾಂಕವಿದ್ದು ಪದಕದ ಅಂಕಣ ಖಾಲಿಯಿದ್ದರೆ ಪತ್ರವೇ ನಿಮ್ಮ ಪರವಾಗಿ ಸಾಕ್ಷಿ ನುಡಿದಂತೆ. ವಿಯೆಟ್ನಾಂ ಕಾಲದ ಭೂಸೇನೆಯವರ ಕಡತದಲ್ಲಿ ‘ಡಿಎ ಫಾರ್ಮ್ 20’ ಎಂಬ ಸೇವಾ ಕಾರ್ಡ್ ಇರುತ್ತದೆ. ಅದರ 40ನೆಯ ಅಂಕಣ ಗಾಯಗಳದು, 41ನೆಯದು ಪದಕಗಳದು. ವಿಯೆಟ್ನಾಮಿನ ಗಾಯಾಳುಗಳ ಪಟ್ಟಿ, ಮನೆಗೆ ಬಂದ ತಂತಿ, ಆಸ್ಪತ್ರೆಯ ಚೀಟಿ, ಇವು ಒಂದನ್ನೊಂದು ಬೆಂಬಲಿಸಿದಾಗ ಅರ್ಜಿಗೆ ಕಾಲು ಬರುತ್ತದೆ. ಮದುವೆಯಾದ ಮೇಲೆ ಹೆಂಡತಿಗೆ ಹೇಳಿದ ಕಥೆ ನಿಜವೇ ಇರಬಹುದು, ಆದರೆ ದಾಖಲೆ ತಿದ್ದುಪಡಿ ಮಂಡಳಿ (ಅದರ ವಿವರ ಮುಂದಿದೆ) ತೂಕ ಕೊಡುವುದು ಆ ದಿನಗಳಲ್ಲಿಯೇ ಬರೆದ ಕಾಗದಕ್ಕೆ.

ಅಪ್ಪನ ಮೇಲೆ ಒಂದು ದೂರೂ ಇರಲಿಲ್ಲ. ಹಾಗಿದ್ದೂ ಗುಡ್ ಕಾಂಡಕ್ಟ್ ಮೆಡಲ್ ಏಕಿಲ್ಲ?

ಹೆಸರು ಕೇಳಿದರೆ ತಪ್ಪು ಮಾಡದ ಎಲ್ಲರಿಗೂ ಸಿಗುವ ಪದಕ ಅನ್ನಿಸುತ್ತದೆ. ಆದರೆ ಇದು ತಾನಾಗಿಯೇ ಸಲ್ಲುವುದಲ್ಲ, ಕಮಾಂಡರ್ ಒಪ್ಪಬೇಕು. ಭೂಸೇನೆಯಲ್ಲಿ ಸಾಮಾನ್ಯ ಅವಧಿ 3 ವರ್ಷ. 1950ರ ಜೂನ್ 27ರ ನಂತರ, ಮೊದಲ ಪದಕದ ಮಟ್ಟಿಗೆ, ಸೇವೆ ಮುಗಿಯುವಾಗ 1 ವರ್ಷಕ್ಕಿಂತ ಹೆಚ್ಚಾಗಿದ್ದರೂ ಸಾಕಾಗುತ್ತಿತ್ತು. ಕಡತದಲ್ಲಿ ನಡತೆ ಮತ್ತು ದಕ್ಷತೆಯ ಎದುರು ಉದ್ದಕ್ಕೂ ‘ಎಕ್ಸಲೆಂಟ್’ ಎಂದಿದ್ದು, ಕಮಾಂಡರ್ ಅನರ್ಹಗೊಳಿಸಿದ ಪತ್ರ ಎಲ್ಲೂ ಇಲ್ಲದಿದ್ದರೆ, ಇದನ್ನು ಕಣ್ತಪ್ಪೆಂದು ಗಣಿಸಿ ತಿದ್ದುಪಡಿ ಮಂಡಳಿ ಪದಕ ಕೊಡಿಸಿದ ನಿರ್ಣಯಗಳು ಬಹಳಷ್ಟಿವೆ.

ಇಡೀ ತುಕಡಿಗೆ ಬಂದ ಗೌರವವನ್ನು ನಮ್ಮ ತಂದೆಯ ಪತ್ರದಲ್ಲೂ ಸೇರಿಸಬಹುದೇ?

ಗೌರವಕ್ಕೆ ಕಾರಣವಾದ ಅವಧಿಯಲ್ಲಿ ಅವರು ಆ ತುಕಡಿಯಲ್ಲಿದ್ದರೆ ಸೇರಿಸಬಹುದು. ಆಮೇಲೆ ಸೇರಿಕೊಂಡಿದ್ದರೆ ಅದು ಅವರ ಸ್ವಂತ ದಾಖಲೆಗೆ ಸೇರುವುದಿಲ್ಲ. ಭೂಸೇನೆ ಇದಕ್ಕಾಗಿಯೇ ತುಕಡಿವಾರು ಪಟ್ಟಿಗಳನ್ನು ಅಚ್ಚು ಹಾಕಿದೆ: ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧಕ್ಕೆ 672-1 ಸಂಖ್ಯೆಯ ಕೈಪಿಡಿ, ವಿಯೆಟ್ನಾಮಿಗೆ 672-3. ತುಕಡಿಯ ಹೆಸರು, ಅವರು ಅಲ್ಲಿದ್ದ ದಿನಾಂಕಗಳು ಮತ್ತು ಕೈಪಿಡಿಯ ಸಾಲು ಮೂರೂ ಹೊಂದಿದರೆ ವಾದಕ್ಕೆ ಹೆಚ್ಚು ಮಾತೇ ಬೇಕಾಗುವುದಿಲ್ಲ.

ಶೀತಲ ಸಮರದ ಪ್ರಮಾಣಪತ್ರ ಬಂದಿದೆ. ಅದನ್ನು ಪದಕದ ಪಟ್ಟಿಗೆ ಸೇರಿಸುತ್ತಾರೆಯೇ?

ಇಲ್ಲ. 1945ರ ಸೆಪ್ಟೆಂಬರ್ 2ರಿಂದ 1991ರ ಡಿಸೆಂಬರ್ 26ರ ನಡುವೆ ಸೇವೆಯಲ್ಲಿದ್ದವರಿಗೆ ಕೊಡುವ ಆ ಕಾಗದ ಪ್ರಮಾಣಪತ್ರವಷ್ಟೇ, ಪದಕವಲ್ಲ.

## ಕೇಂದ್ರ ಇಲ್ಲವೆಂದ ಮೇಲೆ

‘ದಾಖಲೆಯಲ್ಲಿ ಇದಕ್ಕೆ ಆಧಾರವಿಲ್ಲ’ ಎಂದು ಉತ್ತರ ಬಂತು. ಇನ್ನು ಯಾರ ಬಳಿ ಹೋಗುವುದು?

ಆಯಾ ಪಡೆಯ ದಾಖಲೆ ತಿದ್ದುಪಡಿ ಮಂಡಳಿಗೆ. ಅರ್ಜಿಯ ನಮೂನೆ ಡಿಡಿ 149. ಅದರ ಹಿಂದಿರುವುದು ಅಮೆರಿಕದ ಸಂಹಿತೆಯ 10ನೆಯ ಶೀರ್ಷಿಕೆಯ 1552ನೆಯ ಕಲಂ. ಭೂಸೇನೆಗೆ ಒಂದು ಮಂಡಳಿ, ನೌಕಾಪಡೆ ಮತ್ತು ಮರೀನ್ ಕೋರ್‌ಗೆ ಸೇರಿ ಒಂದು, ವಾಯುಪಡೆ ಮತ್ತು ಬಾಹ್ಯಾಕಾಶ ಪಡೆಗೆ ಒಂದು, ಕರಾವಳಿ ಕಾವಲು ಪಡೆಗೆ ಒಂದು ಇದೆ. ಮಂಡಳಿಯ ಸದಸ್ಯರು ನಾಗರಿಕರು. ತೀರಿಕೊಂಡವರ ಪರವಾಗಿ ವಾರಸುದಾರರು ಅರ್ಜಿ ಹಾಕಬಹುದು. ಮರಣ ಪ್ರಮಾಣಪತ್ರ ಮತ್ತು ಸಂಬಂಧದ ಪುರಾವೆ ಜೊತೆಗಿರಬೇಕು. ಕೆಳಹಂತದ ದಾರಿಗಳನ್ನು ಮೊದಲು ಹತ್ತಿದ್ದೀರಾ ಎಂದು ಮಂಡಳಿ ನೋಡುವುದರಿಂದ, ಕೇಂದ್ರದಿಂದಲೋ ಪಡೆಯ ಪದಕ ವಿಭಾಗದಿಂದಲೋ ಬಂದ ನಿರಾಕರಣೆಯ ಪತ್ರವನ್ನು ಸಿಟ್ಟಿನಲ್ಲಿ ಹರಿಯದೆ ಅರ್ಜಿಗೆ ಲಗತ್ತಿಸಿ. ಅರ್ಜಿಗಳನ್ನು 18 ತಿಂಗಳೊಳಗೆ ಮುಗಿಸಬೇಕೆಂದು ಕಾನೂನು ಹೇಳುತ್ತದೆ.

ಮೂರು ವರ್ಷದೊಳಗೆ ಕೇಳಬೇಕಂತೆ. ಐವತ್ತು ವರ್ಷ ಕಳೆದುಹೋಗಿದೆಯಲ್ಲ?

ತಪ್ಪು ಗೊತ್ತಾದ ದಿನದಿಂದ 3 ವರ್ಷ ಎಂಬ ಗಡುವಿದೆ. ನ್ಯಾಯದ ಹಿತದೃಷ್ಟಿಯಿಂದ ಆ ಗಡುವನ್ನು ಮನ್ನಿಸುವ ಅಧಿಕಾರವೂ ಅದೇ ಕಾನೂನಿನಲ್ಲಿದೆ. ತಡವಾದದ್ದಕ್ಕೆ ಕಾರಣ ಕೇಳುವ ಜಾಗವನ್ನು ಅರ್ಜಿಯಲ್ಲಿ ಖಾಲಿ ಬಿಡಬೇಡಿ. ‘2002ರವರೆಗೆ ಈ ಪದಕವೇ ಇರಲಿಲ್ಲ’, ‘ತಂದೆ ತೀರಿಕೊಂಡ ಮೇಲೆ ಪತ್ರ ಮೊದಲ ಬಾರಿ ಕೈಗೆ ಸಿಕ್ಕಿತು’ ಎಂಬಂಥ ನೇರವಾದ ಒಂದೆರಡು ವಾಕ್ಯ ಸಾಕು.

ಜೊತೆಗಿದ್ದ ಸೈನಿಕ ಸ್ನೇಹಿತರು ಬರೆದುಕೊಡಲು ಸಿದ್ಧರಿದ್ದಾರೆ. ಹೇಗೆ ಬರೆಸಬೇಕು?

ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಲಿ: ತಾವು ಯಾವ ತುಕಡಿಯಲ್ಲಿದ್ದೆವು, ಘಟನೆ ಎಲ್ಲಿ ಯಾವಾಗ ನಡೆಯಿತು, ತಾವು ಎಷ್ಟು ದೂರದಲ್ಲಿದ್ದೆವು, ಗಾಯಗೊಂಡವರನ್ನು ಯಾರು ಎತ್ತಿಕೊಂಡು ಹೋದರು. ನೋಟರಿ ಮುಂದೆ ಸಹಿ ಹಾಕಿಸಿ, ಅವರ ಸ್ವಂತ ಡಿಡಿ 214ರ ಪ್ರತಿಯನ್ನೂ ಸೇರಿಸಿದರೆ ಅವರು ಅಲ್ಲಿದ್ದದ್ದು ಖಚಿತವಾಗುತ್ತದೆ. ಮೂವರೂ ಒಂದೇ ವಾಕ್ಯಗಳನ್ನು ಬರೆದು ತಂದರೆ ಓದುವವರಿಗೆ ಅನುಮಾನ ಬರುತ್ತದೆ. ನೆನಪುಗಳು ಚೂರು ಬೇರೆಯಾಗಿರುವುದೇ ಸಹಜ, ಹಾಗೆಯೇ ಇರಲಿ. ‘ಅವನು ಧೀರ, ಪದಕಕ್ಕೆ ಅರ್ಹ’ ಎಂಬ ಮೆಚ್ಚುಗೆಯ ಮಾತುಗಳಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ.

ಮಂಡಳಿಯೂ ತಿರಸ್ಕರಿಸಿತು. ಇನ್ನೊಮ್ಮೆ ಕೇಳಬಹುದೇ?

ಹಿಂದೆ ಮಂಡಳಿಯ ಮುಂದೆ ಇರದಿದ್ದ ಹೊಸ ದಾಖಲೆ ಸಿಕ್ಕಿದ್ದರೆ ಮರುಪರಿಶೀಲನೆ ಕೋರಬಹುದು. ಅದೇ ಕಾಗದಗಳನ್ನು ಇನ್ನಷ್ಟು ಬಿರುಸಾದ ಭಾಷೆಯೊಂದಿಗೆ ಕಳುಹಿಸಿದರೆ ಉತ್ತರ ಬದಲಾಗುವುದಿಲ್ಲ. ತಿರಸ್ಕಾರದ ಆದೇಶದಲ್ಲಿ ಯಾವ ಪುರಾವೆ ಸಾಲದೆ ಬಂತೆಂದು ಬರೆದಿರುತ್ತಾರೆ. ಅದನ್ನೇ ಹುಡುಕುವ ಪಟ್ಟಿಯಾಗಿ ಬಳಸಿ. ವಿಯೆಟ್ನಾಂ ಕಾಲದ ತುಕಡಿಗಳ ಸಾಮಾನ್ಯ ಆದೇಶಗಳು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ಪತ್ರಾಗಾರದಲ್ಲಿವೆ. ಸೇಂಟ್ ಲೂಯಿಸ್‌ನ ವೈಯಕ್ತಿಕ ಕಡತದಲ್ಲಿ ಇಲ್ಲದ ಆದೇಶ ಅಲ್ಲಿ ಸಿಗಬಹುದು. ಹಿಂದಿನ ನಿರ್ಣಯಗಳನ್ನು ಅರ್ಜಿದಾರರ ಹೆಸರು ತೆಗೆದು ಸಾರ್ವಜನಿಕವಾಗಿ ಪ್ರಕಟಿಸಿರುವುದರಿಂದ, ನಿಮ್ಮಂಥದೇ ಪ್ರಕರಣ ಹೇಗೆ ಗೆದ್ದಿತು, ಹೇಗೆ ಬಿದ್ದಿತು ಎಂಬುದನ್ನೂ ಓದಬಹುದು. ಕೊನೆಯ ಮೆಟ್ಟಿಲು ಫೆಡರಲ್ ನ್ಯಾಯಾಲಯ. ಅಲ್ಲಿಗೆ ವಕೀಲರಿಲ್ಲದೆ ಹೋಗಬೇಡಿ.

ಶಿಫಾರಸೇ ಆಗಿರಲಿಲ್ಲ, ಅಥವಾ ಆಗಿ ಕಳೆದುಹೋಯಿತು ಅನ್ನುತ್ತಾರೆ. ಆಗ ಏನು ದಾರಿ?

ಇದು ಮೇಲೆ ಹೇಳಿದ ಬೇರೆ ಬಾಗಿಲು. 10ನೆಯ ಶೀರ್ಷಿಕೆಯ 1130ನೆಯ ಕಲಮಿನ ಪ್ರಕಾರ, ಗಡುವು ಮೀರಿದ ಶಿಫಾರಸನ್ನು ಅಮೆರಿಕದ ಕಾಂಗ್ರೆಸ್ಸಿನ ಒಬ್ಬ ಸದಸ್ಯರ ಮೂಲಕ ಆಯಾ ಪಡೆಯ ಕಾರ್ಯದರ್ಶಿಗೆ ಕಳುಹಿಸಬಹುದು. ಭೂಸೇನೆಯಾದರೆ ಶಿಫಾರಸಿನ ನಮೂನೆ ಡಿಎ 638. ಘಟನೆಯನ್ನು ಬಲ್ಲವರು, ಸಾಧ್ಯವಾದರೆ ಆಗಿನ ಮೇಲಧಿಕಾರಿಯೇ, ಶಿಫಾರಸು ಮಾಡಬೇಕು. ಕಣ್ಣಾರೆ ಕಂಡವರ ಹೇಳಿಕೆ ಮತ್ತು ಆ ದಿನದ ತುಕಡಿ ದಾಖಲೆ ಜೊತೆಗಿರಬೇಕು. ಸದಸ್ಯರು ಮಾಡುವುದು ಕಳುಹಿಸುವ ಕೆಲಸವನ್ನು. ಅರ್ಹತೆಯನ್ನು ತೂಗುವುದು ಸೇನೆಯೇ.

ಇದು ಎಷ್ಟು ಎಳೆಯಬಹುದೆಂಬುದಕ್ಕೆ ಕರ್ನಲ್ ಪ್ಯಾರಿಸ್ ಡೇವಿಸ್ ಅವರ ಪ್ರಕರಣ ನೋಡಿ. 1965ರ ಜೂನ್‌ನಲ್ಲಿ ವಿಯೆಟ್ನಾಮಿನ ಬಾಂಗ್ ಸಾನ್ ಬಳಿಯ ಕಾಳಗದ ನಂತರ ಅವರ ಹೆಸರನ್ನು ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್‌ಗೆ ಶಿಫಾರಸು ಮಾಡಲಾಗಿತ್ತು. ಆ ಕಾಗದಗಳು ಕಳೆದುಹೋದವು. ಅವರಿಗೆ ಪದಕ ಸಿಕ್ಕಿದ್ದು 2023ರ ಮಾರ್ಚ್ 3ರಂದು. ಅಷ್ಟು ವರ್ಷ ಅವರ ಜೊತೆಗಾರರು ಪಟ್ಟು ಬಿಡದೆ ಬೆನ್ನು ಹತ್ತಿದ್ದರಿಂದಲೇ ಅದು ಆಯಿತು.

ಡಿಡಿ 215 ಕೈಗೆ ಬಂತು. ಇನ್ನೇನಾದರೂ ಮಾಡಬೇಕೇ?

ಪದಕದ ಮೇಲೆ ಅವಲಂಬಿಸಿದ ಸವಲತ್ತುಗಳು ತಾವಾಗಿಯೇ ಬದಲಾಗುವುದಿಲ್ಲ, ಪ್ರತಿಯನ್ನು ನೀವೇ ಒಯ್ದು ತೋರಿಸಬೇಕು. ಪರ್ಪಲ್ ಹಾರ್ಟ್ ಪಡೆದವರಿಗೆ ವೆಟರನ್ಸ್ ಅಫೇರ್ಸ್ ಆಸ್ಪತ್ರೆಗಳಲ್ಲಿ 3ನೆಯ ಆದ್ಯತಾ ಗುಂಪು ಸಿಗುತ್ತದೆ. 2001ರ ಸೆಪ್ಟೆಂಬರ್ 11ರ ನಂತರದ ಸೇವೆಗೆ ಆ ಪದಕ ಬಂದಿದ್ದರೆ ಶಿಕ್ಷಣ ಸವಲತ್ತು ಪೂರ್ಣ ಪ್ರಮಾಣದಲ್ಲಿ ದೊರೆಯುತ್ತದೆ. ಸರ್ಕಾರ ಕೊಡುವ ಸಮಾಧಿ ಶಿಲೆಯ ಮೇಲೆ ಪದಕದ ಹೆಸರು ಕೆತ್ತಿಸಲೂ ಇದೇ ಕಾಗದ ಆಧಾರ. ಮೂಲ ಪತ್ರ ಕೌಂಟಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ತಿದ್ದುಪಡಿಯನ್ನೂ ಅಲ್ಲಿಯೇ ನೋಂದಾಯಿಸಿ. ಡಿಡಿ 214ನ್ನು ಒಂದು ಕಡೆ, ಡಿಡಿ 215ನ್ನು ಇನ್ನೊಂದು ಕಡೆ ಇಟ್ಟರೆ ಮುಂದಿನ ತಲೆಮಾರಿನವರು ಮತ್ತೆ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಎರಡನ್ನೂ ಸೇರಿಸಿ ಒಂದೇ ಲಕೋಟೆಯಲ್ಲಿಡಿ.